ಉಕ್ಕಿನ ಹಳೆ ಕೋವಿ ಉಳಿಸಿಕೊಳ್ಳಲೋ, ಪಾಲಿಮರ್‌ನ ಹೊಸದು ಕೊಳ್ಳಲೋ?

ಗದ್ದೆಯಲ್ಲಿ ಭತ್ತ ತೆನೆ ಬಿಡುವ ಹೊತ್ತಿಗೆ ಮಲೆನಾಡಿನ ನಮ್ಮಂಥವರ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಒಂದು, ರಾತ್ರಿ ಹಂದಿ ಕಾಯುವುದು. ಇನ್ನೊಂದು, ಬೀರುವಿನಿಂದ ಕೋವಿ ತೆಗೆದು ಒರೆಸಿ ನೋಡುವುದು. ಹಾಗೆ ತೆಗೆದಾಗಲೇ ಗೊತ್ತಾಗೋದು, ಮಳೆಗಾಲ ಅದಕ್ಕೆ ಏನು ಮಾಡಿದೆ ಅಂತ. ನಳಿಗೆಯ ಮೇಲೆ ಕೆಂಪು ಚುಕ್ಕೆ, ಮರದ ಹಿಡಿ ಉಬ್ಬಿ ಸ್ಕ್ರೂ ಸಡಿಲ, ತೆರೆಯುವಾಗ ಒಂಥರಾ ಬಿಗಿ.

ಆಗ ಮನೆಯ ಹುಡುಗರು ಕೇಳುವ ಪ್ರಶ್ನೆ ಒಂದೇ: "ಈ ತುಕ್ಕು ಹಿಡಿಯೋದನ್ನ ಇಟ್ಕೊಂಡು ಯಾಕೆ ಒದ್ದಾಡ್ತೀರಿ, ಪ್ಲಾಸ್ಟಿಕ್ ಹಿಡಿಯ ಹೊಸದು ತಗೊಳ್ಳೋಣ." ತೋಟದ ನಡುವೆ ಒಂಟಿ ಮನೆ ಇರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಿಸ್ತೂಲೇ ತಗೊಂಡರೆ ಹೇಗೆ ಅಂತಲೂ ಕೇಳುತ್ತಾರೆ. ನಾನು ಅಡಿಕೆ, ಕಾಫಿ, ಸ್ವಲ್ಪ ಗದ್ದೆ ಇರುವವನು. ಕೋವಿ ಲೈಸೆನ್ಸ್ ಇಟ್ಟುಕೊಂಡು 25 ವರ್ಷ ದಾಟಿತು. ಬಂದೂಕಿನ ಹುಚ್ಚು ನನಗಿಲ್ಲ. ಬೆಳೆ ಉಳಿಯಬೇಕು, ಮನೆಯವರ ಕೈಕಾಲು ಉಳಿಯಬೇಕು, ಅಷ್ಟೇ ಲೆಕ್ಕ. ಆ ಲೆಕ್ಕದಲ್ಲೇ ಈ ವಾರ ನಾಲ್ಕು ಮಾತು.

ಮೊದಲು ತಿಳಿಯಬೇಕಾದ್ದು: ಜಾಗ ಎರಡೇ

ಮುಂಚೆ ಒಂದು ಲೈಸೆನ್ಸ್‌ನಲ್ಲಿ 3 ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅದು 2ಕ್ಕೆ ಇಳಿಯಿತು. ಲೈಸೆನ್ಸ್‌ನ ಅವಧಿ ಮಾತ್ರ 3 ವರ್ಷದಿಂದ 5 ವರ್ಷಕ್ಕೆ ಏರಿತು. ಹಾಗಾಗಿ ಅಜ್ಜನ ಕೇಪಿನ ಕೋವಿ ಒಂದು, ಅಪ್ಪಯ್ಯನ ಜೋಡು ನಳಿಗೆ ಒಂದು ಇದ್ದ ಮನೆಯಲ್ಲಿ ಹೊಸದಕ್ಕೆ ಜಾಗವೇ ಇಲ್ಲ. ಹೊಸದು ಬರಬೇಕಾದರೆ ಹಳೆಯದೊಂದು ಹೋಗಬೇಕು. ಹೋದದ್ದು ಸುಲಭಕ್ಕೆ ವಾಪಸು ಬರುವುದಿಲ್ಲ. ಅದಕ್ಕೇ ಈ ಆಯ್ಕೆಯನ್ನು ಮೊಬೈಲ್ ಬದಲಾಯಿಸಿದ ಹಾಗೆ ಮಾಡಬಾರದು.

ಬೆಳೆ ರಕ್ಷಣೆಗೆ ಕಾನೂನು ಮೊದಲು ಹೇಳುವುದು ಕೇಪಿನ ಕೋವಿಯನ್ನೇ, ಅಂದರೆ ಬಾಯಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಅಂತ ಜಿಲ್ಲಾಧಿಕಾರಿಗೆ ಮನವರಿಕೆಯಾದರೆ, ಕನಿಷ್ಠ 20 ಇಂಚು ಉದ್ದದ ನಯ ನಳಿಗೆಯ ಬೇರೆ ಕೋವಿಗೆ ಲೈಸೆನ್ಸ್ ಕೊಡಬಹುದು. ನಮ್ಮ 12 ಬೋರ್ ಕೋವಿಗಳು ಬರುವುದು ಇದರಲ್ಲಿ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಉಳಿದ ನಮಗೆಲ್ಲ ಲೈಸೆನ್ಸ್ ಪುಸ್ತಕವೇ ಗತಿ.

ಪಾಲಿಮರ್ ಅಂದರೆ ಏನು, ಏನಲ್ಲ

ಪಾಲಿಮರ್ ಅಂದರೆ ನಮ್ಮ ಬಕೆಟಿನ ಪ್ಲಾಸ್ಟಿಕ್ ಅಲ್ಲ. ನೈಲಾನ್ ಜಾತಿಯ ಗಟ್ಟಿ ವಸ್ತು, ಹಲವು ಕಡೆ ಗಾಜಿನ ಎಳೆ ಬೆರೆಸಿ ಅಚ್ಚು ಹಾಕಿರುತ್ತಾರೆ. ಪಿಸ್ತೂಲಿನಲ್ಲಿ ಇದಕ್ಕೆ ಹೆಸರು ತಂದದ್ದು ಆಸ್ಟ್ರಿಯಾದ ಗ್ಲಾಕ್. ಅಲ್ಲಿಯ ಸೈನ್ಯ 1980ರ ದಶಕದ ಮೊದಲಲ್ಲಿ ಅದನ್ನು ಒಪ್ಪಿಕೊಂಡಿತು. ಅದಕ್ಕೂ ಮುಂಚೆ 1970ರಲ್ಲೇ ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿ ಪಾಲಿಮರ್ ಚೌಕಟ್ಟಿನ ಪಿಸ್ತೂಲು ತಂದಿತ್ತು. ಹಳೆಯ ಉಕ್ಕಿನ ಪಿಸ್ತೂಲುಗಳಿಗೆ ಮಾದರಿ ಅಂದರೆ ಅಮೆರಿಕದ ಸೈನ್ಯ 1911ರಲ್ಲಿ ತೆಗೆದುಕೊಂಡ ಕೋಲ್ಟ್. ಅದರ ತೂಕ ಖಾಲಿಯಲ್ಲೇ ಸುಮಾರು 1.1 ಕಿಲೋ. ಗ್ಲಾಕ್ 17 ಸುಮಾರು 625 ಗ್ರಾಂ. ಇಡೀ ದಿನ ಸೊಂಟದಲ್ಲಿ ಹೊರುವ ಪೊಲೀಸಿಗೆ, ಸೈನಿಕನಿಗೆ ಈ ವ್ಯತ್ಯಾಸ ದೊಡ್ಡದು.

ಆದರೆ ಒಂದು ಗಮನಿಸಿ. ಪಾಲಿಮರ್ ಪಿಸ್ತೂಲಿನಲ್ಲೂ ನಳಿಗೆ ಉಕ್ಕಿನದೇ, ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡೂ ಉಕ್ಕಿನದೇ, ಒಳಗಿನ ಸ್ಪ್ರಿಂಗು, ಪಿನ್ನು ಎಲ್ಲ ಲೋಹದ್ದೇ. ಪಾಲಿಮರ್ ಹಿಡಿಯ ಕೋವಿಯಲ್ಲೂ ಅಷ್ಟೇ. ಮರ ಹೋಗಿ ಪ್ಲಾಸ್ಟಿಕ್ ಬಂತು, ನಳಿಗೆ ಹಾಗೇ ಉಳಿಯಿತು. "ಇದಕ್ಕೆ ಎಣ್ಣೆ ಒರೆಸೋದೇ ಬೇಡ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ತೂಕ. ಕೋವಿಯಲ್ಲಿ ಆ ಲಾಭ ಹೆಚ್ಚೇನೂ ಇಲ್ಲ. ಜೋಡು ನಳಿಗೆಯ 12 ಬೋರ್ ಸುಮಾರು 3 ಕಿಲೋ. ಪಾಲಿಮರ್ ಹಿಡಿಯ ಪಂಪ್ ಆಕ್ಷನ್ ಕೋವಿಯೂ ಹೆಚ್ಚುಕಮ್ಮಿ ಅಷ್ಟೇ ತೂಗುತ್ತದೆ, ಕೆಲವು ಅದಕ್ಕಿಂತ ಹೆಚ್ಚು. ಮತ್ತೆ, ಹಗುರ ಆದಷ್ಟೂ ಒದೆತ ಜಾಸ್ತಿ. ಒಂದೇ ಕಾಟ್ರಿಜ್ ಅನ್ನು ಹಗುರದ ಕೋವಿಯಲ್ಲಿ ಹೊಡೆದರೆ ಭುಜಕ್ಕೆ ಬೀಳುವ ಪೆಟ್ಟು ಹೆಚ್ಚು.

ಮಲೆನಾಡಿನ ಮಳೆ ಮತ್ತು ನಮ್ಮ ಉಗ್ರಾಣ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಬಳಿ ಒಣಗಲ್ಲ, ಉಪ್ಪು ನೀರಾಗುತ್ತದೆ. ಈ ವಿಷಯದಲ್ಲಿ ಪಾಲಿಮರ್ ಗೆಲ್ಲುತ್ತದೆ ಅಂತ ನೇರವಾಗಿ ಒಪ್ಪಬೇಕು. ಮರ ನೀರು ಹೀರುತ್ತದೆ, ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮರ ಮತ್ತು ಉಕ್ಕು ಕೂಡುವ ಸಂದಿಯಲ್ಲಿ ತೇವ ನಿಂತು, ಕಣ್ಣಿಗೆ ಕಾಣದ ಕಡೆ ತುಕ್ಕು ಶುರುವಾಗುತ್ತದೆ. ಪಾಲಿಮರ್ ಹಿಡಿಗೆ ಈ ಕಾಯಿಲೆ ಇಲ್ಲ.

ಆದರೆ ತೋಟದ ಮನೆಯಲ್ಲಿ ಮಳೆಗಿಂತ ಕೆಟ್ಟ ಶತ್ರುಗಳಿವೆ, ಅವಕ್ಕೆ ಎರಡೂ ಬಗೆಯ ಕೋವಿ ಬಲಿಯಾಗುತ್ತವೆ.

ಬೋರ್ಡೋ ದ್ರಾವಣ: ಇದರಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆದ ಕೈಯಲ್ಲಿ ಕೋವಿ ಮುಟ್ಟಬೇಡಿ. ಸಿಂಪರಣೆ ಸಾಮಾನು ಇಡುವ ಕೋಣೆಯಲ್ಲಂತೂ ಇಡಲೇಬೇಡಿ.

ಗೊಬ್ಬರದ ಚೀಲ: ಪೊಟ್ಯಾಷ್ ಒಂದು ಬಗೆಯ ಉಪ್ಪು. ಗಾಳಿಯ ತೇವ ಎಳೆದುಕೊಳ್ಳುತ್ತದೆ, ಪಕ್ಕದ ಉಕ್ಕನ್ನು ಹಾಳು ಮಾಡುತ್ತದೆ.

ಚರ್ಮದ ಚೀಲ: ನೋಡಲು ಚೆಂದ. ಆದರೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಕೋವಿ ಅದರೊಳಗೆ ಇರಬಾರದು.

ತೆಂಗಿನೆಣ್ಣೆ: ನಮ್ಮ ಕಡೆ ಎಲ್ಲಕ್ಕೂ ಇದೇ ಮದ್ದು. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಇದು ಹೆಪ್ಪುಗಟ್ಟುತ್ತದೆ. ಪುಷ್ಯದ ಚಳಿಯಲ್ಲಿ ಕೋವಿಯ ಒಳಭಾಗದಲ್ಲಿ ಗಟ್ಟಿಯಾಗಿ ಕೂತರೆ ಕೆಲಸ ಕೆಟ್ಟಿತು. ಬಂದೂಕಿಗೆಂದೇ ಸಿಗುವ ಎಣ್ಣೆ ಬಳಸಿ. ಮರದ ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು.

ಪಾಲಿಮರ್‌ಗೂ ಶತ್ರುಗಳಿವೆ. ಬಣ್ಣದ ತಿನ್ನರ್, ಸೊಳ್ಳೆಗೆ ಮೈಗೆ ಹಚ್ಚುವ ಕೆಲವು ದ್ರವಗಳು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತವೆ. ಬಿರುಕು ಬಿಟ್ಟ ಮರದ ಹಿಡಿಯನ್ನು ಊರಿನ ಒಳ್ಳೆ ಬಡಗಿ ಮಾಡಿಕೊಟ್ಟಾನು. ಒಡೆದ ಪಾಲಿಮರ್ ಹಿಡಿಗೆ ಅದೇ ಕಂಪನಿಯ ಬಿಡಿಭಾಗ ಬೇಕು. ಕೊಳ್ಳುವಾಗಲೇ ಅಂಗಡಿಯವರ ಹತ್ತಿರ ಬಿಡಿಭಾಗ ಸಿಗುತ್ತದೆಯೇ ಕೇಳಿಕೊಳ್ಳಿ.

ಚುನಾವಣೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಚುನಾವಣೆಗೂ ನಾವು ಕೋವಿ ಠಾಣೆಗೆ ಒಪ್ಪಿಸುತ್ತೇವೆ, ಬೆಳೆ ಕಾಯುವ ಸಮಯದಲ್ಲೇ ಕೋವಿ ಅಲ್ಲಿರುತ್ತದೆ. ಬೆಳೆ ರಕ್ಷಣೆಯ ಕಾರಣ ಕೊಟ್ಟು ಜಿಲ್ಲೆಯ ಪರಿಶೀಲನಾ ಸಮಿತಿಗೆ ವಿನಾಯಿತಿ ಅರ್ಜಿ ಹಾಕಬಹುದು. ಸಿಗದಿದ್ದರೆ, ಒಪ್ಪಿಸುವ ಹಿಂದಿನ ದಿನ ನಳಿಗೆ ಒಳಗೂ ಹೊರಗೂ ಎಣ್ಣೆ ಒರೆಸಿ, ಹತ್ತಿ ಬಟ್ಟೆ ಸುತ್ತಿ, ಹೆಸರಿನ ಚೀಟಿ ಕಟ್ಟಿ ಕೊಡಿ. ರಸೀದಿ ತಪ್ಪದೆ ತಗೊಳ್ಳಿ. ವಾಪಸು ತಂದ ದಿನವೇ ತೆರೆದು ನೋಡಿ.

ಹಳೆಯದು ಉಳಿಸಿಕೊಳ್ಳುವ ಮುನ್ನ ಐದು ಪರೀಕ್ಷೆ

ಹಳೆಯದು ಅಂದ ಮಾತ್ರಕ್ಕೆ ಒಳ್ಳೆಯದಲ್ಲ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ತಗೊಂಡು ಹೋಗಿ ಇವನ್ನು ನೋಡಿಸಿ.

1. ನಳಿಗೆಯ ಮೇಲೆ ನೀರಿನ ಅಲೆಯಂಥ, ಹಾವಿನ ಪೊರೆಯಂಥ ಗೆರೆ ಇದೆಯೇ? ಇದ್ದರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಕಪ್ಪು ಮದ್ದಿನ ಕಾಲದ್ದು. ಈಗಿನ ಹೊಗೆಯಿಲ್ಲದ ಮದ್ದಿನ ಕಾಟ್ರಿಜ್ ಇದರಲ್ಲಿ ಹೊಡೆಯಬಾರದು. ನಳಿಗೆ ಸೀಳಿದರೆ ಹೋಗುವುದು ಎಡಗೈ ಬೆರಳು.

2. ಚೇಂಬರ್ ಉದ್ದ ಎಷ್ಟು? ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕಕ್ಕೆ 65 ಮಿ.ಮೀ. ಇರುತ್ತದೆ. ಈಗ ಸಾಮಾನ್ಯವಾಗಿ ಸಿಗುವ ಕಾಟ್ರಿಜ್ 70 ಮಿ.ಮೀ.ನದು. ಮಡಿಸಿದ ಬಾಯಿಯ ಹೊಸ ಕಾಟ್ರಿಜ್ ಹಳೆ ಚೇಂಬರಿಗೆ ಸಲೀಸಾಗಿ ಕೂರುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. "ಕೂತಿತಲ್ಲ, ಸರಿ" ಅನ್ನುವ ಹಾಗಿಲ್ಲ.

3. ಮುಚ್ಚಿದ ಮೇಲೆ ಅಲುಗಾಟ ಇದೆಯೇ? ಮುಂದಿನ ಮರ ತೆಗೆದು ಮೆಲ್ಲಗೆ ಅಲುಗಾಡಿಸಿದರೆ ಟಕಟಕ ಸದ್ದು ಬರಬಾರದು.

4. ಜೋಡು ನಳಿಗೆ ಬಿಚ್ಚಿ ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಬಿದಿರು ತಟ್ಟಿದ ಹಾಗೆ ಮೊದ್ದು ಸದ್ದು ಬಂದರೆ ಎರಡು ನಳಿಗೆ ಕೂಡಿಸಿದ ಬೆಸುಗೆ ಬಿಟ್ಟಿದೆ ಅಂತ ಅನುಮಾನ.

5. ಹೊರಗೆ ಹ್ಯಾಮರ್ ಇರುವ ಕೋವಿಯಾದರೆ, ಎಳೆದ ಹ್ಯಾಮರ್ ಗಟ್ಟಿಯಾಗಿ ನಿಲ್ಲುತ್ತದೆಯೇ? ಒಳಗಿನ ಹಲ್ಲು ಸವೆದಿದ್ದರೆ ಸಂಕ ದಾಟುವಾಗ ಒಂದು ಜರ್ಕಿಗೆ ಈಡು ಹಾರಬಹುದು.

ಐದರಲ್ಲೂ ಪಾಸಾದ ಜೋಡು ನಳಿಗೆಯನ್ನು, ಅದು ಬೆಲ್ಜಿಯಂನದಿರಲಿ, ಇಂಗ್ಲೆಂಡಿನದಿರಲಿ, ಬಿಹಾರದ ಮುಂಗೇರದ್ದಿರಲಿ, ಚೆಂದಕ್ಕಾಗಿ ಬದಲಾಯಿಸಬೇಡಿ. ಫೇಲಾದದ್ದನ್ನು ಅಜ್ಜನದು ಅನ್ನುವ ಮಮತೆಗೆ ಹೊಡೆಯಬೇಡಿ.

ತುಂಬಿದೆಯೋ ಖಾಲಿಯೋ: ನನ್ನ ಮಟ್ಟಿಗೆ ಇದೇ ದೊಡ್ಡದು

ನಮ್ಮ ಮನೆಯಲ್ಲೂ ಈ ಚರ್ಚೆ ನಡೆಯಿತು. ಮಗನಿಗೆ ಪಾಲಿಮರ್ ಹಿಡಿಯ ಪಂಪ್ ಆಕ್ಷನ್ ಬೇಕು. ಮಳೆಯಲ್ಲಿ ಗದ್ದೆ ಸುತ್ತುವವನು ಅವನೇ, ಅವನ ಮಾತಿನಲ್ಲಿ ಹುರುಳಿತ್ತು. ಅಜ್ಜನ ಕೇಪಿನ ಕೋವಿಯ ನಳಿಗೆ ಒಳಗೆ ಗುಳಿ ಬಿದ್ದು ತೆಳುವಾಗಿತ್ತು, ಅದು ಹೋಗುವುದು ಖಂಡಿತ ಅಂತ ಆಗಿತ್ತು. ಖಾಲಿಯಾದ ಆ ಜಾಗಕ್ಕೆ ಹೊಸದು ತರೋಣ ಅಂತ ಅಂಗಡಿಗೆ ಹೋಗಿ ನೋಡಿಯೂ ಬಂದೆವು.

ಪಂಪ್ ಆಕ್ಷನ್ನಿನಲ್ಲಿ ಕಾಟ್ರಿಜ್‌ಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಇರುತ್ತವೆ. ಹೊರಗಿನಿಂದ ಕಾಣುವುದಿಲ್ಲ. ಚೇಂಬರ್ ತೆರೆದು ಖಾಲಿ ಅಂತ ಕಂಡರೂ ಕೊಳವೆಯಲ್ಲಿ ಉಳಿದದ್ದು ಒಮ್ಮೆ ಹಿಂದೆ ಮುಂದೆ ಎಳೆದರೆ ಮೇಲೆ ಬರುತ್ತದೆ. ಜೋಡು ನಳಿಗೆ ಹಾಗಲ್ಲ, ಮುರಿದು ತೆರೆದರೆ ಎರಡು ತೂತು. ಬೆಳಕು ಕಂಡರೆ ಖಾಲಿ, ಹಿತ್ತಾಳೆ ಕಂಡರೆ ತುಂಬಿದೆ. ಮಧ್ಯೆ ಇನ್ನೊಂದು ಮಾತಿಲ್ಲ.

ಇದನ್ನು ಮನೆಯಲ್ಲಿ ಹೇಳುತ್ತಿದ್ದಾಗ ನನ್ನ ಹೆಂಡತಿ ಅಂದದ್ದು: "ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಬಂದು ಕೋವಿ ಇಡೋರು ನೀವು. ಅದು ಖಾಲಿಯೋ ಅಲ್ವೋ ಅಂತ ಜಗುಲಿಯಲ್ಲಿ ನಿಂತೇ ನನಗೆ ಕಾಣ್ಬೇಕು. ಹಾಗೆ ಕಾಣೋದು ಯಾವುದೋ ಅದು ಇರಲಿ." ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತಮ್ಮ" ಅಂದ. ಅಪ್ಪಯ್ಯನ ಜೋಡು ನಳಿಗೆ ಉಳಿಯಿತು. ಇನ್ನೊಂದು ಜಾಗ ಖಾಲಿ ಇದೆ. ಎರಡು ಜಾಗ ಇದೆ ಅಂತ ಎರಡನ್ನೂ ತುಂಬಲೇಬೇಕು ಅಂತೇನಿಲ್ಲವಲ್ಲ.

ಪಂಪ್ ಆಕ್ಷನ್ ಕೆಟ್ಟದು ಅಂತ ಇದರ ಅರ್ಥ ಅಲ್ಲ. ಒಬ್ಬರೇ ಬಳಸುವ ಮನೆ, ಮಳೆಯಲ್ಲೇ ಹೆಚ್ಚು ಓಡಾಟ, ಪ್ರತಿ ಸಲ ಕೊಳವೆ ಖಾಲಿ ಮಾಡಿ, ಬೆರಳು ಹಾಕಿ ನೋಡುವ ಶಿಸ್ತು ಇರುವವರಿಗೆ ಅದು ಒಳ್ಳೆಯ ಸಾಧನ. ಹಳೆಯದು ಪರೀಕ್ಷೆಯಲ್ಲಿ ಸೋತು, ಹೊಸದು ಕೊಳ್ಳಲೇಬೇಕಾದವರು ಪಾಲಿಮರ್ ಹಿಡಿಯದನ್ನೇ ನೋಡಬಹುದು. ಮಲೆನಾಡಿನ ಹವೆಗೆ ಅದು ಹೊಂದುತ್ತದೆ.

ಹಾಗಾದರೆ ಪಿಸ್ತೂಲು?

ಹಂದಿ ಓಡಿಸಲು ಪಿಸ್ತೂಲು, ರಿವಾಲ್ವರ್ ಕೆಲಸಕ್ಕೆ ಬರುವ ವಸ್ತುಗಳಲ್ಲ. ಗಿಡ್ಡ ನಳಿಗೆ, ಒಂದೇ ಗುಂಡು, ಕತ್ತಲೆ. ಗುರಿ ತಪ್ಪುವುದೇ ಹೆಚ್ಚು, ತಪ್ಪಿದ ಗುಂಡು ಚರೆಗಿಂತ ಬಹಳ ದೂರ ಹೋಗುತ್ತದೆ. ಬೆಳೆ ರಕ್ಷಣೆಯ ಕಾರಣಕ್ಕೆ ಕಾನೂನು ಹೇಳುವುದೂ ಕೋವಿಯನ್ನೇ.

ಆತ್ಮರಕ್ಷಣೆಗೆ ಬೇಕು ಅನ್ನುವವರಿಗೆ, ಸಿನಿಮಾದಲ್ಲಿ ನೋಡುವ ಪಾಲಿಮರ್ ಪಿಸ್ತೂಲುಗಳಲ್ಲಿ ಹೆಚ್ಚಿನವು 9 ಎಂ.ಎಂ. ಅದು ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್. ನಮಗೆ ಎಟಕುವುದು ಮುಖ್ಯವಾಗಿ .32 ಬೋರ್. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಬಹಳ ಕಾಲದಿಂದ ಇದೆ. 2014ರಲ್ಲಿ ಟೈಟಾನಿಯಂ ಮಿಶ್ರಲೋಹದ, ಸುಮಾರು ಅರ್ಧ ಕಿಲೋ ತೂಕದ ನಿರ್ಭೀಕ್ ಬಂತು. 2023ರಲ್ಲಿ ಪ್ರಬಲ್ ಬಂತು. ಹಾಗಾಗಿ ಉಕ್ಕೋ ಪಾಲಿಮರೋ ಅನ್ನುವ ಹೊರದೇಶದ ವಾದ ಇಲ್ಲಿಗೆ ಬಂದಾಗ ರಿವಾಲ್ವರೋ ಪಿಸ್ತೂಲೋ ಅನ್ನುವ ಪ್ರಶ್ನೆಯಾಗುತ್ತದೆ. ಅಲ್ಲಿಯೂ ಅದೇ ಮಾತು: ರಿವಾಲ್ವರಿನ ಉರುಳೆ ಹೊರಗೆ ತೆಗೆದರೆ ಎಷ್ಟು ಗುಂಡು ಇದೆ ಅಂತ ಕಾಣುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದು ಜೇಬಿಗೆ ಹಾಕಿಕೊಂಡರೂ ಚೇಂಬರಿನಲ್ಲಿ ಒಂದು ಉಳಿದಿರಬಹುದು. ವರ್ಷಕ್ಕೊಮ್ಮೆ ಮುಟ್ಟುವವರಿಗೆ ಕಾಣುವುದೇ ಕ್ಷೇಮ.

ಬದಲಾಯಿಸುವವರು ಮಾಡಬೇಕಾದ್ದು

ಕೋವಿ ಮಾರುವ ಮುನ್ನ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ, 45 ದಿನ ಕಾಯಬೇಕು. ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು. ಪುಸ್ತಕದಲ್ಲಿ ನಮೂದಾಗುವವರೆಗೆ ಕೈ ಬದಲಾಯಿಸಬೇಡಿ, ಅಣ್ಣತಮ್ಮಂದಿರ ನಡುವೆಯೂ ಬೇಡ.

ಅಪ್ಪನ ಕೋವಿ ಮಗನಿಗೆ ಹೋಗಬೇಕಾದರೆ ಸಾವಿನವರೆಗೆ ಕಾಯಬೇಕಿಲ್ಲ. 2016ರ ನಿಯಮದಂತೆ, ಲೈಸೆನ್ಸ್‌ದಾರರಿಗೆ 70 ವರ್ಷ ಆದಾಗ ಅಥವಾ ಆ ಕೋವಿ ಅವರ ಹತ್ತಿರ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ವಾರಸುದಾರರು ಅರ್ಜಿ ಹಾಕಬಹುದು. ಹಿರಿಯರು ಇರುವಾಗಲೇ ಮಾಡಿಸಿದರೆ ಆಮೇಲೆ ಕಚೇರಿ ಅಲೆದಾಟ ಕಡಿಮೆ.

ಇನ್ನೊಂದು. ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ಅದರ ಮೇಲೆ ಇದೆ. ಮಂಗ, ನವಿಲು, ಕೆಂಜಳಿಲಿಗೆ ಈಡು ಹೊಡೆಯುವಂತಿಲ್ಲ. ಹಂದಿಗೂ ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಬೇಕು. ದಾರಿಯಲ್ಲಿ ಬಂದೂಕು ಕಟ್ಟಿಡುವುದು, ಸಿಡಿಮದ್ದಿನ ಉಂಡೆ ಇಡುವುದು ಅಪರಾಧ. ನಾಳೆ ಅದಕ್ಕೆ ಸಿಗುವುದು ನಿಮ್ಮದೇ ದನ, ಪಕ್ಕದ ಮನೆಯ ಮಗು.

ರಾತ್ರಿ ಅಲುಗಾಡಿದ ಪೊದೆಗೆ ಈಡು ಹೊಡೆದು, ಬೆಳಗ್ಗೆ ನೋಡಿದರೆ ಮನುಷ್ಯ ಬಿದ್ದಿದ್ದ ಸುದ್ದಿ ಮಲೆನಾಡಿನಲ್ಲಿ, ಕೊಡಗಿನಲ್ಲಿ ಮತ್ತೆ ಮತ್ತೆ ಓದುತ್ತೇವೆ. ಉಕ್ಕಿನ ಕೋವಿಯೂ ಅದನ್ನು ತಡೆಯಲಿಲ್ಲ, ಪಾಲಿಮರ್‌ನದೂ ತಡೆಯದು. ಟಾರ್ಚ್ ಬಿಟ್ಟು ಕಣ್ಣಿಗೆ ಪೂರ್ತಿ ಕಾಣದ ಹೊರತು ಟ್ರಿಗರ್‌ಗೆ ಬೆರಳು ಹೋಗಬಾರದು.

ಈ ವಾರ ಒಂದು ಕೆಲಸ ಮಾಡಿ. ಕೋವಿ ಹೊರಗೆ ತೆಗೆಯಿರಿ, ಖಾಲಿ ಅಂತ ಎರಡು ಸಲ ನೋಡಿ, ಲೈಸೆನ್ಸ್ ಪುಸ್ತಕದ ಕೊನೆಯ ದಿನಾಂಕ ನೋಡಿ, ಆಮೇಲೆ ರಿಪೇರಿಯವರ ಹತ್ತಿರ ಒಯ್ದು ಮೇಲಿನ ಐದು ಪರೀಕ್ಷೆ ಮಾಡಿಸಿ. ಉಳಿಸಿಕೊಳ್ಳಬೇಕೋ ಬದಲಾಯಿಸಬೇಕೋ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.